ಅವಿಭಾಜ್ಯಗಳಲ್ಲಿ ಕ್ರಮ ಹುಡುಕುವವರಿಗೆ

ಒಂದು ಹಾಳೆಯ ಮೇಲೆ 1ರಿಂದ 100ರವರೆಗೆ ಬರೆಯಿರಿ, ಸಾಲಿಗೆ ಹತ್ತರಂತೆ. 1ನ್ನು ಮೊದಲೇ ಹೊಡೆದುಹಾಕಿ. 2ನ್ನು ಉಳಿಸಿಕೊಂಡು, ಎರಡರ ಮಗ್ಗಿಯಲ್ಲಿ ಬರುವ ಮಿಕ್ಕೆಲ್ಲ ಸಂಖ್ಯೆಗಳನ್ನು ಹೊಡೆಯಿರಿ. ಆಮೇಲೆ ಹಾಗೆಯೇ ಮೂರರ ಮಗ್ಗಿ, ಐದರ ಮಗ್ಗಿ, ಏಳರ ಮಗ್ಗಿ. ಅಲ್ಲಿಗೆ ನಿಲ್ಲಿಸಬಹುದು. 100ರೊಳಗಿನ ಸಂಖ್ಯೆಯೊಂದು 1ಕ್ಕಿಂತ ದೊಡ್ಡ ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಅವುಗಳಲ್ಲಿ ಒಂದಾದರೂ 10ನ್ನು ಮೀರಿರುವುದಿಲ್ಲ; ಹಾಗಾಗಿ ಅದು ಈ ನಾಲ್ಕು ಮಗ್ಗಿಗಳಲ್ಲಿ ಒಂದರಲ್ಲಿ ಸಿಕ್ಕೇ ಸಿಗುತ್ತದೆ. ಹೊಡೆಯದೆ ಉಳಿಯುವವು 25. ಇವೇ ಅವಿಭಾಜ್ಯ ಸಂಖ್ಯೆಗಳು: 1 ಮತ್ತು ತಮ್ಮನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದವು. ಈ ವಿಧಾನಕ್ಕೆ ಗ್ರೀಕ್ ಪಂಡಿತನ ಹೆಸರಿನಲ್ಲಿ ಎರಟೋಸ್ತನೀಸನ ಜರಡಿ ಎನ್ನುತ್ತಾರೆ. ಎರಡು ಸಾವಿರ ವರ್ಷ ಕಳೆದರೂ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ ಎಂದೇ ನನ್ನ ನಂಬಿಕೆ. ದಯವಿಟ್ಟು ಕಂಪ್ಯೂಟರಿಗೆ ಬಿಡದೆ ಕೈಯಾರೆ ಮಾಡಿ.

ಈ ಪಟ್ಟಿಗೆ ಕೊನೆಯಿಲ್ಲ. ಕ್ರಿಸ್ತಪೂರ್ವ 300ರ ಸುಮಾರಿಗೆ ಯೂಕ್ಲಿಡ್ ಕೊಟ್ಟ ಕಾರಣ ಸರಳವಾಗಿದೆ. ನಿಮ್ಮ ಬಳಿಯಿರುವ ಅವಿಭಾಜ್ಯಗಳನ್ನೆಲ್ಲ ಗುಣಿಸಿ 1 ಕೂಡಿಸಿ. ಬಂದ ಸಂಖ್ಯೆಯನ್ನು ಅವುಗಳಲ್ಲಿ ಯಾವುದರಿಂದ ಭಾಗಿಸಿದರೂ 1 ಉಳಿಯುತ್ತದೆ; ಆದ್ದರಿಂದ ಅದರ ಅವಿಭಾಜ್ಯ ಅಪವರ್ತನಗಳು ನಿಮ್ಮ ಪಟ್ಟಿಯ ಹೊರಗಿನವೇ ಆಗಿರಬೇಕು. 2, 3, 5, 7, 11, 13 ಗುಣಿಸಿ 1 ಕೂಡಿಸಿದರೆ 30,031. ಅದು ಸ್ವತಃ ಅವಿಭಾಜ್ಯವಲ್ಲ, ಆದರೆ 59 ಮತ್ತು 509 ಎಂಬ ಎರಡು ಹೊಸ ಅವಿಭಾಜ್ಯಗಳ ಗುಣಲಬ್ಧ.

ಕೊನೆಯಿಲ್ಲ ಎಂದಾದ ಮೇಲೆ ಏಳುವ ಪ್ರಶ್ನೆ, ಇವು ಬರುವುದಕ್ಕೆ ಏನಾದರೂ ಕ್ರಮವಿದೆಯೇ ಎಂಬುದು. 101, 103, 107, 109, 113 ಎಂದು ಒತ್ತೊತ್ತಾಗಿ ಬಂದು, ಆಮೇಲೆ 127ರವರೆಗೆ ಒಂದೂ ಇಲ್ಲ. ಈ ಏರುಪೇರನ್ನು ಕಂಡವರಿಗೆ ಕೈ ಸುಮ್ಮನಿರುವುದಿಲ್ಲ. ಶಾಲಾ ಬಾಲಕರು, ಗುಮಾಸ್ತರು, ನ್ಯಾಯಾಧೀಶರು, ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಎಲ್ಲರೂ ಇಲ್ಲಿ ಕ್ರಮ ಹುಡುಕಿದ್ದಾರೆ. ಹುಡುಕಾಟದಲ್ಲಿ ಕಾಲಿಡುವ ಮುನ್ನ ನೀವು ತಿಳಿದಿರಬೇಕಾದದ್ದು ಒಂದಿದೆ. ಕ್ರಮ ಕಾಣುವುದು ಸುಲಭ. ಅದು ಮುಂದೆಯೂ ಉಳಿಯುತ್ತದೆಯೇ ಎಂದು ತಿಳಿಯುವುದೇ ಗಣಿತ.

31, 331, 3331, 33331 ನೋಡಿ. ಎಲ್ಲವೂ ಅವಿಭಾಜ್ಯ. 3,33,331, 33,33,331, 3,33,33,331 ಕೂಡ ಅವಿಭಾಜ್ಯ. ಏಳು ಸಲ ಗೆದ್ದ ಮೇಲೆ ಎಂಟನೆಯದನ್ನು ಪರೀಕ್ಷಿಸುವ ತಾಳ್ಮೆ ಯಾರಿಗಿರುತ್ತದೆ? ಆದರೆ ಅದು, ಅಂದರೆ 33,33,33,331, ಸೋಲುತ್ತದೆ: 17 ಗುಣಿಸು 1,96,07,843.

ಇದಕ್ಕಿಂತ ಸೊಗಸಾದದ್ದು ಗಣಿತಜ್ಞ ಆಯ್ಲರ್ 1772ರಲ್ಲಿ ಕೊಟ್ಟ ಸೂತ್ರ. ಒಂದು ಸಂಖ್ಯೆಯನ್ನು ಅದರ ಮುಂದಿನ ಸಂಖ್ಯೆಯಿಂದ ಗುಣಿಸಿ 41 ಕೂಡಿಸಬೇಕು. 0ಯಿಂದ ಶುರು ಮಾಡಿದರೆ 41, 43, 47, 53, 61 ಹೀಗೆ ಸಿಗುತ್ತವೆ. 39ರವರೆಗೆ ಹೋದರೂ, ಅಂದರೆ ನಲವತ್ತು ಸಲವೂ, ಬಂದದ್ದೆಲ್ಲ ಅವಿಭಾಜ್ಯ. 40ಕ್ಕೆ ಬಂದಾಗ? 40 ಗುಣಿಸು 41, ಕೂಡಿಸು 41. ಲೆಕ್ಕ ಹಾಕುವ ಮೊದಲೇ ಉತ್ತರ ಕಾಣುತ್ತದೆ: 41 ಗುಣಿಸು 41. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಈ ಸೂತ್ರ ಸೋಲುವುದು ಆಕಸ್ಮಿಕವಲ್ಲ, ಸೋಲಿನ ಕಾರಣ ಅದರೊಳಗೇ ಇತ್ತು. ನಲವತ್ತು ಉದಾಹರಣೆಗಳು ಹೇಳದ್ದನ್ನು ಕಾರಣ ಒಂದೇ ಸಾಲಿನಲ್ಲಿ ಹೇಳಿತು.

ಹವ್ಯಾಸಿಗಳಲ್ಲಿ ಅಗ್ರಗಣ್ಯನಾದ ಫರ್ಮಾನ ಕಥೆಯಲ್ಲಿ ಸೋತ ಕ್ರಮವೂ ಇದೆ, ಉಳಿದ ಕ್ರಮವೂ ಇದೆ. ಹದಿನೇಳನೇ ಶತಮಾನದ ಫ್ರಾನ್ಸ್‌ನಲ್ಲಿ, ತುಲೂಸ್ ನಗರದ ನ್ಯಾಯಾಲಯದಲ್ಲಿ ಅವನಿಗೆ ಕೆಲಸ. ಗಣಿತ ಬಿಡುವಿನ ವೇಳೆಯದು. 2, 4, 16, 256, 65,536 ಇವುಗಳಲ್ಲಿ ಪ್ರತಿಯೊಂದೂ ಹಿಂದಿನದರ ವರ್ಗ. ಒಂದೊಂದಕ್ಕೂ 1 ಕೂಡಿಸಿದರೆ 3, 5, 17, 257, 65,537. ಐದೂ ಅವಿಭಾಜ್ಯ. ಈ ಸಾಲಿನಲ್ಲಿ ಮುಂದೆ ಬರುವುದೆಲ್ಲವೂ ಹಾಗೆಯೇ ಎಂದು ಫರ್ಮಾ ನಂಬಿದ. ಮುಂದಿನದು 4,29,49,67,297. ಅದನ್ನು 641 ಭಾಗಿಸುತ್ತದೆಂದು 1732ರಲ್ಲಿ ಆಯ್ಲರ್ ತೋರಿಸಿದ. ಆಚೆಗೆ ಈ ಸಾಲಿನಲ್ಲಿ ಇನ್ನೊಂದು ಅವಿಭಾಜ್ಯ ಇವತ್ತಿಗೂ ಸಿಕ್ಕಿಲ್ಲ.

ಅದೇ ಫರ್ಮಾ ಕಂಡ ಇನ್ನೊಂದು ಕ್ರಮ ನಿಜವಾಯಿತು. 2ನ್ನು ಬಿಟ್ಟು ಉಳಿದ ಅವಿಭಾಜ್ಯಗಳನ್ನು 4ರಿಂದ ಭಾಗಿಸಿ. ಶೇಷ 1 ಬರಬೇಕು, ಇಲ್ಲವೇ 3 ಬರಬೇಕು. 5, 13, 17, 29, 37, 41 ಇವು 1ರ ಗುಂಪು; 3, 7, 11, 19, 23, 31 ಇವು 3ರ ಗುಂಪು. ಈಗ ಮೊದಲ ಗುಂಪಿನವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ನೋಡಿ. 5 ಎಂದರೆ 1 ಮತ್ತು 4. 13 ಎಂದರೆ 4 ಮತ್ತು 9. 29 ಎಂದರೆ 4 ಮತ್ತು 25. 41 ಎಂದರೆ 16 ಮತ್ತು 25. ಎರಡನೇ ಗುಂಪಿನಲ್ಲಿ 7ನ್ನೋ 11ನ್ನೋ ಹೀಗೆ ಒಡೆಯಲು ಎಷ್ಟು ಹೆಣಗಿದರೂ ಆಗದು. ಏಕೆ ಆಗದು ಎಂಬುದು ನಿಮ್ಮ ಕೈಗೆ ಎಟಕುವಂಥದ್ದೇ: ಸಮ ಸಂಖ್ಯೆಯ ವರ್ಗವನ್ನು 4ರಿಂದ ಭಾಗಿಸಿದರೆ ಶೇಷ 0, ಬೆಸ ಸಂಖ್ಯೆಯದಾದರೆ 1. ಅಂಥ ಎರಡನ್ನು ಕೂಡಿದರೆ ಶೇಷ 0, 1 ಅಥವಾ 2 ಬರಬಹುದೇ ಹೊರತು 3 ಬರುವ ಮಾತೇ ಇಲ್ಲ. ಅರ್ಧ ಪ್ರಮೇಯವನ್ನು ನೀವು ಈಗ ಸಾಧಿಸಿದಿರಿ! 1ರ ಗುಂಪಿನ ಪ್ರತಿಯೊಂದು ಅವಿಭಾಜ್ಯವೂ ಹೀಗೆ ಒಡೆದೇ ತೀರುತ್ತದೆ ಎಂಬ ಉಳಿದರ್ಧ ಕಷ್ಟದ್ದು. ಫರ್ಮಾ 1640ರಲ್ಲಿ ಪತ್ರದಲ್ಲಿ ಬರೆದಿದ್ದ ಅದಕ್ಕೆ ಸಾಧನೆ ದೊರೆತದ್ದು ನೂರು ವರ್ಷಗಳ ಬಳಿಕ, ಮತ್ತೆ ಆಯ್ಲರನಿಂದಲೇ.

ಈ ಎರಡು ಗುಂಪುಗಳನ್ನು ಓಟಕ್ಕೆ ನಿಲ್ಲಿಸಿದರೆ ಇನ್ನೊಂದು ಪಾಠ ಸಿಗುತ್ತದೆ. 100ರೊಳಗೆ 1ರ ಗುಂಪಿನಲ್ಲಿ 11, 3ರ ಗುಂಪಿನಲ್ಲಿ 13. 1,000ದೊಳಗೆ 80, 87. 10,000ದೊಳಗೆ 609, 619. 3ರ ಗುಂಪು ಸದಾ ಮುಂದೆ ಇರುವಂತೆ ತೋರುತ್ತದೆ. ರಷ್ಯದ ಚೆಬಿಶೆಫ್ 1853ರಲ್ಲಿ ಇದನ್ನು ಗಮನಿಸಿ ಬರೆದ. ಕೈಲೆಕ್ಕದಲ್ಲಿ ಇಪ್ಪತ್ತೈದು ಸಾವಿರದವರೆಗೆ ಹೋದವರು ಇದೇ ನಿಯಮವೆಂದು ಪ್ರಮಾಣ ಮಾಡಿ ಹೇಳಬಹುದಿತ್ತು. 26,861ರಲ್ಲಿ 1ರ ಗುಂಪು ಮೊದಲ ಬಾರಿಗೆ ಒಂದು ಹೆಜ್ಜೆ ಮುಂದಾಗುತ್ತದೆ. ಮರುಕ್ಷಣವೇ, 26,863ರಲ್ಲಿ, ಮತ್ತೆ ಸರಿಸಮ. ಮುನ್ನಡೆ ಹೀಗೆ ಅನಂತ ಬಾರಿ ಕೈಬದಲಾಗುತ್ತದೆಂದು ಲಿಟಲ್‌ವುಡ್ 1914ರಲ್ಲಿ ಸಾಧಿಸಿದರು.

ಹಾಗಾದರೆ ನಂಬಬಹುದಾದ ಕ್ರಮವೇ ಇಲ್ಲವೇ? ಇದೆ, ಅದೂ ಹದಿಹರೆಯದ ಹುಡುಗನೊಬ್ಬ ಕಂಡದ್ದು. 1792ರ ಸುಮಾರಿಗೆ, ಹದಿನೈದರ ಪ್ರಾಯದ ಗಾಸ್, ಅವಿಭಾಜ್ಯಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಎಣಿಸತೊಡಗಿದ. ಅವನು ಕೇಳಿದ್ದು ಮುಂದಿನ ಅವಿಭಾಜ್ಯ ಯಾವುದೆಂದಲ್ಲ, ಸರಾಸರಿ ಎಷ್ಟಕ್ಕೊಂದು ಬರುತ್ತದೆ ಎಂದು. 100ರೊಳಗೆ 25, ಅಂದರೆ ನಾಲ್ಕಕ್ಕೊಂದು. 1,000ದೊಳಗೆ 168, ಸುಮಾರು ಆರಕ್ಕೊಂದು. 10,000ದೊಳಗೆ 1,229, ಎಂಟಕ್ಕೊಂದು. ಲಕ್ಷದೊಳಗೆ 9,592, ಹತ್ತೂವರೆಗೊಂದು. ಹತ್ತು ಲಕ್ಷದೊಳಗೆ 78,498, ಹನ್ನೆರಡೂ ಮುಕ್ಕಾಲಿಗೊಂದು. ಮಿತಿಯನ್ನು ಹತ್ತು ಪಟ್ಟು ಮಾಡಿದಂತೆಲ್ಲ ಅಂತರ ಸುಮಾರು 2.3ರಷ್ಟು ಬೆಳೆಯುತ್ತದೆ. ಲಾಗರಿದಮ್ ಕೋಷ್ಟಕ ಬಲ್ಲವರಿಗೆ ಈ 2.3 ಹಳೆಯ ಪರಿಚಯ, 10ರ ಸ್ವಾಭಾವಿಕ ಲಾಗರಿದಮ್. ಬಿಡಿಬಿಡಿಯಾಗಿ ಹಿಡಿತಕ್ಕೆ ಸಿಗದ ಅವಿಭಾಜ್ಯಗಳು ಗುಂಪಾಗಿ ನಿಂತಾಗ ಇಷ್ಟು ಶಿಸ್ತಾಗಿರುವುದು ಗಣಿತದ ಅತ್ಯಂತ ಸುಂದರ ಸಂಗತಿಗಳಲ್ಲಿ ಒಂದು. ಇದರ ಸಾಧನೆಗೆ 1896ರವರೆಗೆ ಕಾಯಬೇಕಾಯಿತು. ಅಡಮಾರ್ ಮತ್ತು ದ ಲಾ ವಾಲೆ ಪೂಸ್ಸಾಂ ಅದೇ ವರ್ಷ ಬೇರೆಬೇರೆಯಾಗಿ ಸಾಧಿಸಿದರು.

ಮದರಾಸು ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ರಾಮಾನುಜನ್ 1913ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಯವರಿಗೆ ಪತ್ರ ಬರೆದಾಗ, ಅವಿಭಾಜ್ಯಗಳನ್ನು ಬಲು ನಿಖರವಾಗಿ ಎಣಿಸುವ ಸೂತ್ರ ಸಿಕ್ಕಿದೆಯೆಂದು ನಂಬಿದ್ದರು. ಆ ನಂಬಿಕೆ ತಪ್ಪಾಗಿತ್ತು. ಅಂಥ ಪ್ರತಿಭೆಯೂ ಇಲ್ಲಿ ಎಡವಿದೆ ಎಂಬುದನ್ನು ನೆನಪಿಟ್ಟುಕೊಂಡರೆ, ನಿಮ್ಮ ಮೊದಲ ಊಹೆ ಮುರಿದಾಗ ನಿರಾಶರಾಗಬೇಕಿಲ್ಲ.

ಇನ್ನು ನಮ್ಮ ಕಾಲ. 1978ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಹದಿನೆಂಟರ ವಿದ್ಯಾರ್ಥಿಗಳು, ಲಾರಾ ನಿಕಲ್ ಮತ್ತು ಲ್ಯಾಂಡನ್ ನೋಲ್, ವಿಶ್ವವಿದ್ಯಾಲಯದ ಕಂಪ್ಯೂಟರ್ ಬಳಸಿ 6,533 ಅಂಕಿಗಳ ಅವಿಭಾಜ್ಯ ಕಂಡುಹಿಡಿದರು. 1996ರಿಂದ ಲೋಕದ ಸಾವಿರಾರು ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳನ್ನು ಒಟ್ಟಾಗಿ ಈ ಹುಡುಕಾಟಕ್ಕೆ ತೊಡಗಿಸಿದ್ದಾರೆ. ಅವರಲ್ಲೊಬ್ಬರಾದ ಲ್ಯೂಕ್ ಡ್ಯುರಾಂಟ್ 2024ರ ಅಕ್ಟೋಬರಿನಲ್ಲಿ ಕಂಡುಕೊಂಡ ಅವಿಭಾಜ್ಯದಲ್ಲಿ 4,10,24,320 ಅಂಕಿಗಳಿವೆ. ಕೊಟ್ಟ ಸಂಖ್ಯೆ ಅವಿಭಾಜ್ಯವೇ ಎಂದು ಖಚಿತವಾಗಿಯೂ ತ್ವರಿತವಾಗಿಯೂ ಪರೀಕ್ಷಿಸುವ ವಿಧಾನವೊಂದನ್ನು 2002ರಲ್ಲಿ ಕಾನ್ಪುರದ ಐಐಟಿಯಲ್ಲಿ ಮಣೀಂದ್ರ ಅಗ್ರವಾಲ್ ಮತ್ತು ಅವರ ಇಬ್ಬರು ಯುವ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಕಯಾಲ್ ಮುಂದೆ ಬೆಂಗಳೂರಿನಲ್ಲಿ ಸಂಶೋಧಕರಾದರು.

ನನಗೆ ಹೆಚ್ಚು ಹುರುಪು ಕೊಡುವುದು 2016ರ ಸುದ್ದಿ. 5ನ್ನು ದಾಟಿದ ಅವಿಭಾಜ್ಯಗಳೆಲ್ಲ 1, 3, 7, 9ರಲ್ಲಿ ಕೊನೆಯಾಗುತ್ತವೆ, ದೂರ ಹೋದಂತೆ ನಾಲ್ಕೂ ಸಮಪಾಲಿಗೆ ಹತ್ತಿರವಾಗುತ್ತವೆ. ಹಾಗಾದರೆ 1ರಲ್ಲಿ ಕೊನೆಯಾದ ಅವಿಭಾಜ್ಯದ ಬೆನ್ನಿಗೇ 1ರಲ್ಲಿ ಕೊನೆಯಾಗುವ ಇನ್ನೊಂದು ಬರುವುದು ಶೇಕಡಾ 25ರಷ್ಟಿರಬೇಕು ಎನಿಸುತ್ತದಲ್ಲವೇ? ಮೊದಲ ಹತ್ತು ಕೋಟಿ ಅವಿಭಾಜ್ಯಗಳಲ್ಲಿ ಅದು ಶೇಕಡಾ 18ರ ಆಸುಪಾಸು ಮಾತ್ರ. ಚೆನ್ನೈನಲ್ಲಿ ಬೆಳೆದ ಸೌಂದರರಾಜನ್ ಮತ್ತು ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಜೊತೆಗಾರರಾಗಿದ್ದ ಲೆಮ್ಕೆ ಆಲಿವರ್ ಇದನ್ನು ಕಂಡು, ಹಳೆಯದೊಂದು ಊಹೆಯ ಆಧಾರದ ಮೇಲೆ ಕಾರಣವನ್ನೂ ವಿವರಿಸಿದರು. ಎಣಿಸಬಲ್ಲ ಯಾರಿಗಾದರೂ ಕಾಣಬಹುದಾಗಿದ್ದ ಕ್ರಮ ಅಷ್ಟು ದಿನ ಎಲ್ಲರ ಕಣ್ಣೆದುರೇ ಇತ್ತು.

ಹೊರಡುವ ಮೊದಲು ನಿಮಗೊಂದು ಕೆಲಸ. 4 ಮತ್ತು 9ರ ನಡುವೆ 5, 7 ಇವೆ. 9 ಮತ್ತು 16ರ ನಡುವೆ 11, 13. 16 ಮತ್ತು 25ರ ನಡುವೆ 17, 19, 23. ಅಕ್ಕಪಕ್ಕದ ಎರಡು ವರ್ಗಗಳ ನಡುವೆ ಯಾವಾಗಲೂ ಒಂದಾದರೂ ಅವಿಭಾಜ್ಯ ಇರುತ್ತದೆಯೇ? ಲಜಾಂಡ್ರನ ಹೆಸರು ಹೊತ್ತ ಈ ಪ್ರಶ್ನೆಗೆ ಇನ್ನೂ ಸಾಧನೆಯಿಲ್ಲ. 100 ಮತ್ತು 121ರ ನಡುವೆ, 400 ಮತ್ತು 441ರ ನಡುವೆ ನೀವೇ ಎಣಿಸಿ. ಎಣಿಕೆ ಹೇಗೆ ಏರುತ್ತದೆಂದು ಬರೆದಿಡಿ. ನಿಮ್ಮ ನೋಟುಪುಸ್ತಕದ ಎಡಪುಟದಲ್ಲಿ ಎಣಿಸಿ ಕಂಡದ್ದನ್ನು, ಬಲಪುಟದಲ್ಲಿ ಊಹಿಸಿದ್ದನ್ನು ಬರೆಯಿರಿ. ಎರಡನ್ನೂ ಬೆರೆಸಬೇಡಿ. ಮತ್ತು ಪ್ರತಿ ಊಹೆಯ ಕೆಳಗೆ "ಏಕೆ?" ಎಂದು ಬರೆದು ನಾಲ್ಕು ಸಾಲು ಜಾಗ ಬಿಡಿ.