ಹಾಸ್ಟೆಲ್ ರೂಮಲ್ಲಿ ರೆಕಾರ್ಡಿಂಗ್: ಆಡಿಯೋ ಇಂಟರ್‌ಫೇಸ್ ತಗೊಳ್ಳೋ ಮುಂಚೆ

ಕಳೆದ ಅಕ್ಟೋಬರಿನಲ್ಲಿ ನಾವು ಮೂರು ಜನ ರೂಂಮೇಟ್‌ಗಳು ತಲಾ 1,000 ರೂಪಾಯಿ ಹಾಕಿ ಒಂದು ಕಂಡೆನ್ಸರ್ ಮೈಕ್ ತಂದೆವು. ನಮ್ಮ ಕ್ಲಬ್ಬಿನಲ್ಲಿ ಚೆನ್ನಾಗಿ ಹಾಡುವ ಫೈನಲ್ ಇಯರ್ ಅಕ್ಕ ಒಬ್ಬರಿದ್ದಾರೆ. ಅವರ ದನಿಯಲ್ಲಿ ಒಂದು ಭಾವಗೀತೆ ರೆಕಾರ್ಡ್ ಮಾಡಿ ರಾಜ್ಯೋತ್ಸವಕ್ಕೆ ಹಾಕಬೇಕು ಅಂತ ಆಸೆ. ಬಾಕ್ಸ್ ಜೊತೆ ಬಂದ ವೈರನ್ನು ಲ್ಯಾಪ್‌ಟಾಪಿನ ಹೆಡ್‌ಫೋನ್ ಜಾಕಿಗೆ ಚುಚ್ಚಿದೆವು. ಕೇಳಿಸಿದ್ದು ಬರೀ 'ಸ್ಸ್ಸ್' ಅನ್ನೋ ಸದ್ದು, ಅದರ ಹಿಂದೆ ಎಲ್ಲೋ ದೂರದಲ್ಲಿ ಅಕ್ಕನ ಹಾಡು. ಅಂಗಡಿಯವರು "ಬಾಕ್ಸ್ ಓಪನ್ ಆಗಿದೆ, ವಾಪಸ್ ತಗೊಳ್ಳಲ್ಲ" ಅಂದ್ರು. ನವೆಂಬರ್ 1 ಬಂತು, ಹೋಯ್ತು. ಹಾಡು ಬರಲಿಲ್ಲ.

ಆಮೇಲೆ ಓದಿ ನೋಡಿದಾಗ ಗೊತ್ತಾಯ್ತು, ಮೈಕ್ ಸರಿಯಾಗೇ ಇತ್ತು, ನಾವು ಅದನ್ನು ತಪ್ಪು ಜಾಗಕ್ಕೆ ಚುಚ್ಚಿದ್ದೆವು. ನಿಮ್ಮ ದುಡ್ಡು ಹಾಗೆ ಹೋಗದಿರಲಿ ಅಂತ ಈ ಲೇಖನ.

ಇಂಟರ್‌ಫೇಸ್ ಏನು ಮಾಡತ್ತೆ?

ಮೈಕಿನಿಂದ ಬರುವ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಇಂಟರ್‌ಫೇಸ್‌ನಲ್ಲಿರುವ ಪ್ರೀಆಂಪ್ ಅದನ್ನು ದೊಡ್ಡದು ಮಾಡತ್ತೆ. ನಂತರ ಎ-ಡಿ ಕನ್ವರ್ಟರ್ ಅದನ್ನು ಅಂಕಿಗಳಾಗಿ ಬದಲಿಸಿ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಕಳಿಸತ್ತೆ. ವಾಪಸ್ ಬಂದ ಅಂಕಿಗಳನ್ನು ಮತ್ತೆ ಸದ್ದಾಗಿ ಮಾಡಿ ಹೆಡ್‌ಫೋನಿಗೆ ಕೊಡತ್ತೆ. ಅಂದ್ರೆ ನಮ್ಮ ಅನಲಾಗ್ ಲ್ಯಾಬ್, ಸಿಗ್ನಲ್ಸ್ ಕ್ಲಾಸ್ ಎರಡೂ ಒಂದೇ ಡಬ್ಬದಲ್ಲಿ.

ಮೊದಲ ಪ್ರಶ್ನೆ: 48 ವೋಲ್ಟ್ ಇದೆಯಾ?

ಸ್ಟುಡಿಯೋ ಕಂಡೆನ್ಸರ್ ಮೈಕಿಗೆ ಕರೆಂಟ್ ಬೇಕು. ಎಕ್ಸ್‌ಎಲ್‌ಆರ್ ಕೇಬಲ್ ಮೂಲಕವೇ ಹೋಗುವ ಈ 48 ವೋಲ್ಟಿಗೆ ಫ್ಯಾಂಟಮ್ ಪವರ್ ಅಂತ ಹೆಸರು. ಲ್ಯಾಪ್‌ಟಾಪ್ ಜಾಕ್ ಕೊಡೋದು ಕೆಲವೇ ವೋಲ್ಟ್. ನಾವು ಎಡವಿದ್ದು ಇಲ್ಲೇ. ಶೂರ್ ಎಸ್‌ಎಂ58 ಥರದ ಡೈನಾಮಿಕ್ ಮೈಕಿಗೆ ಫ್ಯಾಂಟಮ್ ಬೇಡ, ಆದರೆ ಅದಕ್ಕೆ ಗೇನ್ ಜಾಸ್ತಿ ಬೇಕು, ಸುಮಾರು 50ರಿಂದ 60 ಡಿಬಿ. 60 ಡಿಬಿ ಅಂದ್ರೆ ವೋಲ್ಟೇಜ್ ಸಾವಿರ ಪಟ್ಟು. ಹಾಗಾಗಿ ಡಬ್ಬದ ಮೇಲೆ ಗರಿಷ್ಠ ಗೇನ್ ಎಷ್ಟು ಅಂತ ನೋಡಿ.

ಎರಡನೇದು: ಎಷ್ಟು ಇನ್‌ಪುಟ್?

ಒಬ್ಬರೇ ಹಾಡಿ, ಆಮೇಲೆ ಗಿಟಾರ್ ಬೇರೆ ಟ್ರ್ಯಾಕಿನಲ್ಲಿ ನುಡಿಸೋದಾದ್ರೆ ಒಂದೇ ಸಾಕು. ಇಬ್ಬರೂ ಒಟ್ಟಿಗೆ ಬೇಕು ಅಂದ್ರೆ ಎರಡು ಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋದಲ್ಲಿ ಎರಡು ಇನ್‌ಪುಟ್ ಇದ್ದರೂ ಮೈಕ್ ಹಾಕೋಕೆ ಆಗೋದು ಒಂದಕ್ಕೆ ಮಾತ್ರ, ಇನ್ನೊಂದು ಗಿಟಾರ್ ಅಥವಾ ಲೈನ್‌ಗೆ. ಸ್ಕಾರ್ಲೆಟ್ 2ಐ2, ಬೆಹ್ರಿಂಗರ್ ಯುಎಂಸಿ202ಎಚ್‌ಡಿ ಇವುಗಳಲ್ಲಿ ಎರಡು ಮೈಕ್ ಹಾಕಬಹುದು. ಹಾಡು ಮತ್ತು ತಬಲಾ ಒಟ್ಟಿಗೆ ಬೇಕಾದವರು 'ಎರಡು ಇನ್‌ಪುಟ್' ಅಂತಷ್ಟೇ ಓದಿ ತಗೊಂಡ್ರೆ ಕಷ್ಟ.

ಎಲೆಕ್ಟ್ರಿಕ್ ಗಿಟಾರ್ ಇದ್ದರೆ 'ಇನ್‌ಸ್ಟ್ರುಮೆಂಟ್' ಸ್ವಿಚ್ ಇರಬೇಕು. ಅದರಲ್ಲಿ ಇನ್‌ಪುಟ್ ಇಂಪೀಡೆನ್ಸ್ ಸುಮಾರು 1 ಮೆಗಾಓಮ್ ಇರತ್ತೆ. ಕಡಿಮೆ ಇದ್ದರೆ ಪಿಕಪ್ ಮೇಲೆ ಲೋಡ್ ಬಿದ್ದು ತಾರ ಸ್ವರಗಳ ಹೊಳಪು ಹೋಗತ್ತೆ.

192 ಕಿಲೋಹರ್ಟ್ಸ್ ನೋಡಿ ಮರುಳಾಗಬೇಡಿ

ನಮ್ಮ ಕಿವಿ ಕೇಳೋದು ಸುಮಾರು 20 ಕಿಲೋಹರ್ಟ್ಸ್ ತನಕ. ನೈಕ್ವಿಸ್ಟ್ ಪ್ರಕಾರ ಅದರ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚು ಸ್ಯಾಂಪಲ್ ಮಾಡಿದ್ರೆ ಸಾಕು. 44.1 ಅಥವಾ 48 ಸಾಕಾಗತ್ತೆ. 192ರಲ್ಲಿ ಹಾರ್ಡ್ ಡಿಸ್ಕ್ ನಾಲ್ಕು ಪಟ್ಟು ಬೇಗ ತುಂಬತ್ತೆ, ಅಷ್ಟೇ. ಆದರೆ 24 ಬಿಟ್ ಇರಲಿ. 16 ಬಿಟ್ ಅಂದ್ರೆ ಸುಮಾರು 96 ಡಿಬಿ ವ್ಯಾಪ್ತಿ, 24 ಬಿಟ್ ಲೆಕ್ಕದಲ್ಲಿ 144. ಇದರಿಂದ ಲಾಭ ಏನಂದ್ರೆ, ಲೆವೆಲ್ ಸ್ವಲ್ಪ ಕಡಿಮೆ ಇಟ್ಟು, ಜೋರು ಜಾಗದಲ್ಲೂ ಮೈನಸ್ 12 ಡಿಬಿ ಹತ್ತಿರ ಬರೋ ಹಾಗೆ ಮಾಡಿ ಆರಾಮಾಗಿ ಹಾಡಬಹುದು, ದನಿ ಒಡೆಯಲ್ಲ.

ತಡವಾಗಿ ಕೇಳಿಸೋ ಸಮಸ್ಯೆ

ಬಫರ್ 512 ಸ್ಯಾಂಪಲ್, ರೇಟ್ 48,000 ಅಂದ್ರೆ 10.7 ಮಿಲಿಸೆಕೆಂಡ್. ಒಳಗೆ ಒಮ್ಮೆ, ಹೊರಗೆ ಒಮ್ಮೆ, ಒಟ್ಟು 21ಕ್ಕಿಂತ ಹೆಚ್ಚು. ಅಷ್ಟರಲ್ಲಿ ಗಾಳಿಯಲ್ಲಿ ಸದ್ದು 7 ಮೀಟರ್ ಹೋಗಿರತ್ತೆ. ನಿಮ್ಮ ದನಿಯೇ 7 ಮೀಟರ್ ಆಚೆಯಿಂದ ಬಂದ ಹಾಗಾದ್ರೆ ತಾಳ ತಪ್ಪದೇ ಇರತ್ತಾ? ಅದಕ್ಕೆ ಎರಡು ನೋಡಿ. ವಿಂಡೋಸ್‌ನವರಿಗೆ ಆ ಕಂಪನಿಯದೇ ಎಎಸ್‌ಐಒ ಡ್ರೈವರ್ ಇರಬೇಕು. ಡೈರೆಕ್ಟ್ ಮಾನಿಟರ್ ಬಟನ್ ಕೂಡ ಇರಬೇಕು. ಅದನ್ನು ಒತ್ತಿದರೆ ದನಿ ಲ್ಯಾಪ್‌ಟಾಪಿಗೆ ಹೋಗಿ ಬರದೆ ನೇರವಾಗಿ ಹೆಡ್‌ಫೋನಿಗೆ ಬರತ್ತೆ.

ದುಡ್ಡೆಲ್ಲ ಡಬ್ಬಕ್ಕೇ ಹಾಕಬೇಡಿ

ಎಕ್ಸ್‌ಎಲ್‌ಆರ್ ಕೇಬಲ್, ಸ್ಟ್ಯಾಂಡ್, ಪಾಪ್ ಫಿಲ್ಟರ್, ಕಿವಿ ಮುಚ್ಚುವ ಹೆಡ್‌ಫೋನ್, ಇವಕ್ಕೂ ಮೊದಲೇ ದುಡ್ಡು ತೆಗೆದಿಡಿ. ರೂಮು ಗದ್ದಲ ಇದ್ದರೆ ಡೈನಾಮಿಕ್ ಮೈಕೇ ವಾಸಿ, ಹತ್ತಿರದಿಂದ ಹಾಡಿದ್ರೆ ಪಕ್ಕದ ರೂಮಿನ ಸದ್ದು ಕಡಿಮೆ ಹಿಡಿಯತ್ತೆ. 'ಗುಂಯ್' ಅಂತ ಸದ್ದು ಬಂದ್ರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನೋಡಿ. ಎಷ್ಟೋ ಸಲ ತೊಂದರೆ ಇರೋದು ಅರ್ಥಿಂಗ್‌ನಲ್ಲಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಮೈಕ್, ಕೇಬಲ್, ಲ್ಯಾಪ್‌ಟಾಪ್ ಮೂರನ್ನೂ ತಗೊಂಡು ಹೋಗಿ. ಎಲ್ಲಾ ಇನ್‌ಪುಟ್ ಚುಚ್ಚಿ ನೋಡಿ. ನಾಬ್ ತಿರುಗಿಸಿದಾಗ ಕರಕರ ಅನ್ನತ್ತಾ, ಯುಎಸ್‌ಬಿ ಪೋರ್ಟ್ ಅಲ್ಲಾಡತ್ತಾ, ಫ್ಯಾಂಟಮ್ ಒತ್ತಿದ್ರೆ ಕಂಡೆನ್ಸರ್ ಮೈಕ್ ಮಾತಾಡತ್ತಾ, ನಿಮ್ಮ ವಿಂಡೋಸಿಗೆ ಡ್ರೈವರ್ ಈಗಲೂ ಸಿಗತ್ತಾ, ಇಷ್ಟು ಪರೀಕ್ಷೆ ಮಾಡಿ.

ನಾವು ಜನವರಿಯಲ್ಲಿ ಮತ್ತೆ ದುಡ್ಡು ಕೂಡಿಸಿ ಹಳೆಯದೊಂದು ಎರಡು ಇನ್‌ಪುಟ್ಟಿನ ಇಂಟರ್‌ಫೇಸ್ ತಂದೆವು. ಮೈಕ್ ಅದೇ, ವಾಪಸ್ ತಗೊಳ್ಳದ್ದು. ರಾತ್ರಿ 8 ಗಂಟೆಗೆ, ಎಲ್ಲರೂ ಮೆಸ್ಸಿಗೆ ಹೋದಾಗ, ಕ್ಲಬ್ ರೂಮಿನ ಫ್ಯಾನ್ ಆರಿಸಿ ಕಿಟಕಿಗೆ ಕಂಬಳಿ ಕಟ್ಟಿ ಅಕ್ಕನ ಹಾಡು ರೆಕಾರ್ಡ್ ಮಾಡಿದೆವು. ನಾಲ್ಕನೇ ಟೇಕ್ ಸರಿ ಬಂತು. ಹೆಡ್‌ಫೋನ್ ಹಾಕಿ ಕೇಳಿದ ಅಕ್ಕ "ಇದು ನಾನೇನಾ?" ಅಂದ್ರು. ನಮಗೆ ಊಟ ತಪ್ಪಿತ್ತು, ಆದರೂ ಯಾರಿಗೂ ಬೇಜಾರಾಗಲಿಲ್ಲ.

ಅಕ್ಕ ಮೇ ತಿಂಗಳಲ್ಲಿ ಕಾಲೇಜು ಮುಗಿಸಿ ಹೋಗ್ತಾರೆ. ಅಷ್ಟರೊಳಗೆ ಇನ್ನೂ ನಾಲ್ಕು ಹಾಡು ಮಾಡಬೇಕು ಅಂತಿದೀವಿ. ಇಂಟರ್‌ಫೇಸ್ ಕ್ಲಬ್ ರೂಮಿನ ಬೀರುವಿನಲ್ಲೇ ಇರತ್ತೆ. ಹಾಡುವವರು, ನುಡಿಸುವವರು ಬಂದು ಕೇಳಿ, ಕೊಡ್ತೀವಿ. ಕೇಬಲ್ ಮಾತ್ರ ಸರಿಯಾಗಿ ಸುತ್ತಿಡಿ.