ಅಲಸಂದೆ ಮ್ಯಾಕರೋನಿ ಸಾರು

ಉಡುಪಿ ಸುತ್ತಿನ ಮಜಲು ಗದ್ದೆಗಳಲ್ಲಿ ಏಣೆಲು ಭತ್ತದ ಕೊಯ್ಲಿನ ನಂತರ, ಮಣ್ಣಿನಲ್ಲಿ ಉಳಿದ ತೇವದಲ್ಲಿಯೇ ಉದ್ದು, ಹೆಸರು, ಹುರುಳಿ, ಅಲಸಂದೆಗಳನ್ನು ಬೆಳೆಯುವುದು ಹಳೆಯ ಪದ್ಧತಿ. ಮನೆಗೆ ಬಂದ ಅಲಸಂದೆ ಬೀಜ ಹೆಚ್ಚಾಗಿ ಬಸಳೆಯ ಜೊತೆಗೋ ಗಸಿಗೋ ಹೋಗುತ್ತದೆ. ಅದೇ ಬೀಜದಿಂದ ಹೊಟ್ಟೆ ತುಂಬುವ ಇನ್ನೊಂದು ಅಡಿಗೆಯನ್ನೂ ಮಾಡಬಹುದು.

ಇಟಲಿಯ ರೈತಾಪಿ ಮನೆಗಳಲ್ಲಿ ‘ಪಾಸ್ತಾ ಎ ಫಜೋಲಿ’ ಎಂಬ ಮಂದವಾದ ಸಾರು ರೂಢಿಯಲ್ಲಿದೆ. ಬೀನ್ಸ್ ಕಾಳನ್ನೂ ಗೋಧಿಯ ಪಾಸ್ತಾವನ್ನೂ ಕೂಡಿಸಿ ಬೇಯಿಸುವ ಇದು ಮಾಂಸ ಕೊಳ್ಳಲಾರದವರ ಊಟವಾಗಿತ್ತು. ಅಲ್ಲಿ ಈಗ ಬಳಸುವ ಬೀನ್ಸ್ 16ನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದದ್ದು. ಅದಕ್ಕೆ ಮೊದಲು ಅವರು ಉಣ್ಣುತ್ತಿದ್ದುದು ಅಲಸಂದೆ ಜಾತಿಯ ಕಾಳನ್ನೇ. ಆದುದರಿಂದ ಅಲಸಂದೆ ಹಾಕಿದರೆ ಹೇಗೋ ಎಂಬ ಅಳುಕು ಬೇಡ. ಪದಾರ್ಥದೊಳಗೇ ಅಕ್ಕಿಯ ಉಂಡೆ ಬಿಡುವ ಬಸಳೆ ಪುಂಡಿ ಬಲ್ಲ ಕರಾವಳಿಯವರಿಗೆ ಈ ಕ್ರಮ ಹೊಸತೂ ಅಲ್ಲ.

ಅಲಸಂದೆಯ 100 ಗ್ರಾಂ ಒಣ ಕಾಳಿನಲ್ಲಿ ಸುಮಾರು 24 ಗ್ರಾಂ ಸಸಾರಜನಕವಿದೆ; ಅಕ್ಕಿಯಲ್ಲಿ ಸುಮಾರು 7 ಗ್ರಾಂ ಮಾತ್ರ. ಅಕ್ಕಿ, ಗೋಧಿಗಳಲ್ಲಿ ಲೈಸಿನ್ ಕಡಿಮೆ, ಕಾಳುಗಳಲ್ಲಿ ಮಿಥಿಯೋನಿನ್ ಕಡಿಮೆ. ಎರಡನ್ನೂ ಕೂಡಿಸಿ ಉಂಡಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬೆಳೆಯುವ ಮಕ್ಕಳಿಗೂ ಗದ್ದೆ ಕೆಲಸದ ಹೆಂಗಸರಿಗೂ ಬರೀ ಗಂಜಿ, ಉಪ್ಪಿನಕಾಯಿಯಿಂದ ಇದು ದೊರೆಯದು.

ನಾಲ್ಕು ಜನರಿಗೆ 200 ಗ್ರಾಂ ಅಲಸಂದೆಯನ್ನು 6–8 ಗಂಟೆ ನೆನೆಹಾಕಿ, ಹೊಸ ನೀರಿನಲ್ಲಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಬೇಕು. ವರ್ಷ ದಾಟಿದ ಕಾಳು ಬೇಗ ಬೇಯುವುದಿಲ್ಲ. ಗಡಸು ನೀರಿನ ಬಾವಿಯಿದ್ದರೂ ಇದೇ ತೊಂದರೆ. ಎರಡು ಚಮಚ ತೆಂಗಿನೆಣ್ಣೆಯಲ್ಲಿ ಹೆಚ್ಚಿದ ಒಂದು ನೀರುಳ್ಳಿ, ಆರೆಸಳು ಬೆಳ್ಳುಳ್ಳಿ, ಒಂದು ಕ್ಯಾರೆಟ್ ಬಾಡಿಸಿ, ಮೂರು ಟೊಮೆಟೊ ಸೇರಿಸಿ. ಟೊಮೆಟೊವನ್ನು ಬೇಯದ ಕಾಳಿಗೆ ಹಾಕಬಾರದು. ಹುಳಿ ಸೇರಿದರೆ ಕಾಳು ಮೆತ್ತಗಾಗುವುದು ತಡ. ಬೆಂದ ಕಾಳಿನ ಕಾಲುಭಾಗವನ್ನು ಸೌಟಿನಿಂದ ಅರೆದು, ಉಳಿದ ಕಾಳು ಮತ್ತು ಬೆಂದ ನೀರಿನೊಂದಿಗೆ ಸುರಿದು, ಉಪ್ಪು, ಕಾಳುಮೆಣಸಿನ ಪುಡಿ ಹಾಕಿ ಕುದಿಸಿ. ಅರೆದ ಕಾಳೇ ಸಾರನ್ನು ಮಂದ ಮಾಡುವುದರಿಂದ ತೆಂಗಿನಕಾಯಿಯ ಖರ್ಚಿಲ್ಲ. ಕೊನೆಗೆ 100 ಗ್ರಾಂ ಮ್ಯಾಕರೋನಿ, ಒಂದು ಹಿಡಿ ಬಸಳೆ ಸೊಪ್ಪು ಹಾಕಿ 10 ನಿಮಿಷ ಬೇಯಿಸಿದರೆ ಸಾಕು.

ಮ್ಯಾಕರೋನಿ ಪೊಟ್ಟಣ ಕಡಿಯಾಳಿ, ಮಣಿಪಾಲದ ಅಂಗಡಿಗಳಲ್ಲಿ ಸಿಗುತ್ತದೆ. ಹಳ್ಳಿಯಲ್ಲಿ ಸಿಗದಿದ್ದರೆ ಗೋಧಿ ಶ್ಯಾವಿಗೆಯನ್ನು ತುಂಡು ಮಾಡಿ ಹಾಕಬಹುದು. ಬೆಳಗಾವಿ, ವಿಜಯಪುರ ಕಡೆಯ ಜವೆ ಗೋಧಿಯ ಶ್ಯಾವಿಗೆಯಾದರೆ ಇನ್ನೂ ಒಳ್ಳೆಯದು, ಬೇಗ ಮುದ್ದೆಯಾಗದು.

ಅಲಸಂದೆಯ ಬದಲು ಕೆಂಪು ರಾಜ್ಮಾ ಬಳಸುವವರು ವಿಶೇಷ ಎಚ್ಚರ ವಹಿಸಬೇಕು. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷವಸ್ತು ಅರೆಬೆಂದಾಗ ನಾಶವಾಗದು; ನಾಲ್ಕೈದು ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಆಗಬಹುದು. ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ, ನಂತರ ಮೆತ್ತಗಾಗುವವರೆಗೆ ಬೇಯಿಸಬೇಕು. ಸಣ್ಣ ಉರಿಯಲ್ಲಿ ಬೆಚ್ಚಗೆ ಇಟ್ಟು ಬೇಯಿಸುವುದು ಅಪಾಯ. ಕುಕ್ಕರಿನಲ್ಲಿ ಪೂರ್ತಿ ಬೆಂದರೆ ಭಯವಿಲ್ಲ.

ರಾತ್ರಿಗೂ ಉಳಿಸುವುದಿದ್ದರೆ ಮ್ಯಾಕರೋನಿಯನ್ನು ಬೇರೆಯೇ ಬೇಯಿಸಿಟ್ಟು ಬಡಿಸುವಾಗ ಬೆರೆಸಬೇಕು; ಇಲ್ಲವಾದರೆ ಅದು ಸಾರನ್ನೆಲ್ಲ ಹೀರಿ ಉಬ್ಬುತ್ತದೆ. ಬಡಿಸುವ ಮುನ್ನ ಲಿಂಬೆರಸ ಹಿಂಡಿದರೆ ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ಸಹಾಯ.