ಕಂಗಿನ ತೋಟ, ಹಂಚಿಕೊಂಡ ಮಹಡಿ: ಚಿತ್ರಕಾರನೊಬ್ಬನ ಪಾಠಗಳು

ಅಡಿಕೆ ತೋಟವನ್ನು ಚಿತ್ರಕ್ಕೆ ಇಳಿಸುವುದು ಸುಲಭವಲ್ಲ. ಪುತ್ತೂರು, ಸುಳ್ಯ, ಕಡಬದ ಕಡೆ ಕಂಗುಗಳನ್ನು ಸಾಮಾನ್ಯವಾಗಿ 9 ಅಡಿಗೊಂದರಂತೆ ನೆಡುತ್ತಾರೆ. ಒಳಗೆ ನಿಂತರೆ ಎತ್ತ ನೋಡಿದರೂ ನೆಟ್ಟನೆಯ ಗೆರೆಗಳೇ. ದಿಗಂತ ಕಾಣುವುದಿಲ್ಲ, ಆಕಾಶ ಸೋಗೆಗಳ ಸಂದಿಯಲ್ಲಿ ತುಂಡುತುಂಡಾಗಿ ಮಾತ್ರ ಸಿಗುತ್ತದೆ. ಬಯಲಿನ ಹೊಲಗದ್ದೆ ಬರೆದು ಅಭ್ಯಾಸವಾದ ಕೈ ಇಲ್ಲಿ ಮೊದಲು ಸೋಲುವುದು ಹಸಿರಿನ ಮುಂದೆ. ಹಳೆಯ ಕಂಗಿನ ಕಾಂಡ ಹಸಿರೇ ಅಲ್ಲ. ಅದು ಬೂದು, ಮೇಲೆ ಕಲ್ಲುಹೂವಿನ ಬಿಳಿ ಮಚ್ಚೆ, ಸೋಗೆ ಕಳಚಿದಲ್ಲೆಲ್ಲ ಬಳೆಯಂಥ ಗುರುತು. ಹಸಿರು ಉಳಿದಿರುವುದು ಎಳೆಯ ಭಾಗದಲ್ಲಿ ಮಾತ್ರ. ತೋಟದ ಪಡು ಅಂಚಿನಲ್ಲಿ ಕಾಂಡ ಬಿಸಿಲಿಗೆ ಸುಡದಿರಲೆಂದು ಸೋಗೆ ಕಟ್ಟಿರುತ್ತಾರೆ, ಇಲ್ಲವೇ ಸುಣ್ಣ ಬಳಿದಿರುತ್ತಾರೆ. ಸಂಜೆಯ ಬೆಳಕು ಆ ಬಿಳುಪಿಗೆ ತಾಗಿದಾಗಲೇ ತೋಟದ ಆಳ ಎಷ್ಟೆಂದು ಕಣ್ಣಿಗೆ ತಿಳಿಯುವುದು.

ಇಲ್ಲಿ ಹೇಳಿರುವುದು ಇಂಥ ತೋಟಗಳನ್ನು ಸುತ್ತುತ್ತ, ಪುತ್ತೂರು ಪೇಟೆಯಲ್ಲಿ ಬಾಡಿಗೆಯ ಮಹಡಿಯೊಂದನ್ನು ಬೇರೆ ಕಲಾವಿದರೊಂದಿಗೆ ಹಂಚಿಕೊಂಡು ಕೆಲಸ ಮಾಡಿದ ಚಿತ್ರಕಾರನ ಅನುಭವದಿಂದ ಬಂದದ್ದು.

ತೋಟಕ್ಕೆ ಯಾವಾಗ ಹೋಗಬೇಕೆಂಬುದನ್ನು ತೋಟದ ಕೆಲಸ ನಿರ್ಧರಿಸುತ್ತದೆ, ಚಿತ್ರಕಾರನ ಬಿಡುವಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುತ್ತಾರೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಸೇರಿದ ಬೋರ್ಡೋ ದ್ರಾವಣ ಅದು. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದ ಈ ಮದ್ದನ್ನು ಅಡಿಕೆಯ ಕೊಳೆರೋಗಕ್ಕೆ ಸೂಚಿಸಿದವರು ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್. ದ್ರಾವಣ ಒಣಗಿದ ಮೇಲೆ ಗೊನೆಗೆ ತೆಳುವಾದ ನೀಲಿ ಪೊರೆ ಹಿಡಿಯುತ್ತದೆ. ಆಟಿ ತಿಂಗಳ ತೋಟದ ಚಿತ್ರದಲ್ಲಿ ಆ ನೀಲಿ ಇಲ್ಲವೆಂದರೆ ಬರೆದವನು ತಲೆಯೆತ್ತಿ ನೋಡಿಲ್ಲವೆಂದೇ ಅರ್ಥ. ಕೊಯ್ಲು ಶುರುವಾದ ಮೇಲೆ ಬಣ್ಣವೆಲ್ಲ ಅಂಗಳಕ್ಕೆ ಇಳಿಯುತ್ತದೆ. ಹಣ್ಣಡಿಕೆಯ ಕಿತ್ತಳೆ ಸುಮಾರು 40 ದಿನಗಳ ಬಿಸಿಲಿನಲ್ಲಿ ಮಾಗಿ, ಮಂಕಾಗಿ, ಕಂದಾಗುತ್ತದೆ. ಒಂದೇ ಅಂಗಳವನ್ನು ವಾರಕ್ಕೊಮ್ಮೆ ಬರೆದರೆ ಬಣ್ಣದ ಬಗ್ಗೆ ಸಿಗುವ ಶಿಕ್ಷಣ ಯಾವ ತರಗತಿಯಲ್ಲೂ ಸಿಗದು.

ಸುಳ್ಯದ ತೋಟಗಳಲ್ಲಿ ಕಲಿಯುವುದು ಬೇರೆಯದೇ ಪಾಠ. ಸಂಪಾಜೆ, ಅರಂತೋಡು, ಮರ್ಕಂಜದ ಕಡೆ ಹಳದಿ ಎಲೆ ರೋಗ ಹಲವು ದಶಕಗಳಿಂದ ಕಂಗುಗಳನ್ನು ತಿನ್ನುತ್ತಿದೆ. ಹಳದಿ ಮೊದಲು ಕಾಣುವುದು ಹೊರಸುತ್ತಿನ ಎರಡು ಮೂರು ಸೋಗೆಗಳಲ್ಲಿ, ಅದೂ ಗರಿಗಳ ತುದಿಯಲ್ಲಿ. ಅಲ್ಲಿಂದ ಅದು ಒಳಕ್ಕೆ ಹರಡುತ್ತದೆ. ಅಡಿಕೆಯ ಒಳತಿರುಳು ಕಪ್ಪಗೆ, ಟೊಳ್ಳಾಗುತ್ತದೆ. ಇಳಿಬಿಸಿಲಿನಲ್ಲಿ ಆ ಹಳದಿ ನೋಡಲು ಚೆಂದ, ಆದರೆ ಮನೆಯವರ ಪಾಲಿಗೆ ಅದು ಹೋದ ಫಸಲು, ತೀರದ ಸಾಲ. ರೋಗದ ತೋಟವನ್ನು ಬರೆಯಬಾರದೆಂದಲ್ಲ, ಬರೆಯಲೇಬೇಕು. ತುದಿಯಿಂದ ಶುರುವಾಗುವ ಹಳದಿಯನ್ನು ತುದಿಯಿಂದಲೇ ಬರೆಯಬೇಕು, ಇಡೀ ಮರಕ್ಕೆ ಬಂಗಾರ ಬಳಿಯಬಾರದು. ಕುಂಚ ತೆಗೆಯುವ ಮೊದಲು ಮನೆಯವರ ಜತೆ ಕೂತು ಅವರ ಮಾತು ಕೇಳಬೇಕು.

ಎಲ್ಲವೂ ಕಂಗೇ ಅಲ್ಲ. ಪುತ್ತೂರಿನಲ್ಲಿ 1986ರಲ್ಲಿ ಆರಂಭವಾದ ಗೇರು ಸಂಶೋಧನಾ ಕೇಂದ್ರವಿದೆ, ಬೇಸಗೆಯಲ್ಲಿ ಕೆಂಪು, ಹಳದಿ ಗೇರುಹಣ್ಣು ಅಲ್ಲಿನ ಆಕರ್ಷಣೆ. ಕಡಬ ತಾಲೂಕಿನ ನೆಟ್ಟಣದ ಬಳಿಯ ಕಿದು ಕೇಂದ್ರದಲ್ಲಿ ದೇಶವಿದೇಶದ ತೆಂಗಿನ ತಳಿಗಳನ್ನು ಕಾಪಾಡಿದ್ದಾರೆ. ಎಳನೀರಿನ ಬಣ್ಣವೆಂದರೆ ಹಸಿರೊಂದೇ ಎಂದುಕೊಂಡವರು ಕಿತ್ತಳೆ ಬಣ್ಣದ ಗಿಡ್ಡ ತಳಿಯನ್ನು ನೋಡಬೇಕು. ಇಂಥ ಸಂಸ್ಥೆಗಳ ತೋಟಕ್ಕೆ ಮುಂಚಿತವಾಗಿ ಅನುಮತಿ ಕೇಳಿಯೇ ಹೋಗುವುದು ಸರಿ.

ಒಂದೇ ಸೂರಿನಡಿ ಹಲವು ಕಲೆಗಳನ್ನು ಬೆಳೆಸುವುದು ಪುತ್ತೂರಿಗೆ ಹೊಸತಲ್ಲ. ದಶಕಗಳ ಕಾಲ ಇಲ್ಲಿ ನೆಲೆಸಿದ್ದ ಶಿವರಾಮ ಕಾರಂತರು (1902–1997) ಪರ್ಲಡ್ಕದ ಬಾಲವನದಲ್ಲಿ ಬರವಣಿಗೆ, ಮಕ್ಕಳ ಶಿಕ್ಷಣ, ನೃತ್ಯ, ನಾಟಕಗಳನ್ನು ಒಟ್ಟಿಗೆ ನಡೆಸಿದರು. 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಮುಂದಾಳತ್ವದಲ್ಲಿ ಮದರಾಸಿನ ಹೊರವಲಯದಲ್ಲಿ ಹುಟ್ಟಿದ ಚೋಳಮಂಡಲ ಕಲಾಗ್ರಾಮದ ಕಲಾವಿದರು ಬಾಟಿಕ್ ಮುಂತಾದ ಕರಕುಶಲ ವಸ್ತುಗಳನ್ನು ಮಾರಿ ಬದುಕು ಕಟ್ಟಿಕೊಂಡರು. ಬಾಡಿಗೆ ಮಹಡಿಗೆ ಚೋಳಮಂಡಲದ ಮಾದರಿಯೇ ಹೆಚ್ಚು ಹತ್ತಿರ: ಚಿತ್ರ ಮಾರಾಟವಾಗದ ತಿಂಗಳಲ್ಲೂ ಬಾಡಿಗೆ ಕಟ್ಟಲೇಬೇಕು. ಬೋರ್ಡು ಬರೆಯುವುದು, ಮದುವೆಯ ಮಂಟಪದ ಕೆಲಸ, ಮಕ್ಕಳಿಗೆ ಶನಿವಾರದ ಪಾಠ, ಇವುಗಳ ಒಂದು ಪಾಲನ್ನು ಮೊದಲೇ ಬಾಡಿಗೆಗೆಂದು ತೆಗೆದಿಟ್ಟರೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ಮಹಡಿಯ ದೊಡ್ಡ ಶತ್ರು ಮಳೆಗಾಲ. ಜೂನ್ ಬಂತೆಂದರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಜಲವರ್ಣ ಗಂಟೆಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ತೈಲವರ್ಣ ಒಣಗುವುದು ನೀರು ಆರಿ ಅಲ್ಲ, ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗಿ. ತಂಪು, ತೇವದ ದಿನಗಳಲ್ಲಿ ಅದೂ ನಿಧಾನ. ಕಾಗದವನ್ನು ಗೋಡೆಗೆ ತಾಗಿಸದೆ, ಬಲ್ಬು ಉರಿಯುವ ಕಪಾಟಿನಲ್ಲಿ ಇಡುವುದು ಎಲ್ಲರೂ ಒಪ್ಪಿದ ಏರ್ಪಾಡು. ಟರ್ಪೆಂಟೈನ್ ವಾಸನೆ ಆಗದವರಿಗೆ ಕಿಟಕಿಯ ಪಕ್ಕದ ಜಾಗ ಬಿಡಬೇಕು. ಇನ್ನೊಬ್ಬರ ಚಿತ್ರದ ಬಗ್ಗೆ ಅವರು ಕೇಳಿದಾಗಲೇ ಮಾತಾಡಬೇಕು, ಕೇಳಿದರೆ ಮುಚ್ಚಿಡದೆ ಹೇಳಬೇಕು. ತೋಟದಲ್ಲಿ ಸರಿಯೆನಿಸಿದ ಹಸಿರು ಟ್ಯೂಬ್‌ಲೈಟಿನಡಿ ಹುಸಿಯಾಗಿ ಕಾಣುವುದನ್ನು ಪಕ್ಕದಲ್ಲಿ ಕೂತ ಇನ್ನೊಂದು ಕಣ್ಣು ಬೇಗ ಹಿಡಿಯುತ್ತದೆ. ಅಂಥ ಚಿತ್ರವನ್ನು ಮಹಡಿಯಲ್ಲೇ ತಿದ್ದಲು ಹೋಗದೆ ಮತ್ತೆ ಅದೇ ತೋಟಕ್ಕೆ, ಅದೇ ಹೊತ್ತಿಗೆ ಒಯ್ದು ತಿದ್ದುವುದು ಒಳ್ಳೆಯದು.